ಎಂಟನೇ ತರಗತಿಯ ಹೊಸಬರಿಗೆ ಗುಂಪು ಆಪ್ತಸಮಾಲೋಚನೆ: ನಡೆಸುವುದು ಹೀಗೆ

ಏಳನೆಯವರೆಗೆ ಊರಿನ ಶಾಲೆಯಲ್ಲೇ ಓದಿ ಎಂಟಕ್ಕೆ ಹೈಸ್ಕೂಲು ಸೇರಿದ ಮಕ್ಕಳಿಗೆ ಮೊದಲ ಕೆಲವು ತಿಂಗಳು ಬಿಗಿ. ವಿಷಯಕ್ಕೊಬ್ಬ ಮೇಷ್ಟ್ರು, ಬಸ್ಸಿನ ಓಡಾಟ, ಕೆಲವರಿಗೆ ಏಕಾಏಕಿ ಇಂಗ್ಲಿಷ್ ಮಾಧ್ಯಮ. ಬೆಳಿಗ್ಗೆಯ ಹೊಟ್ಟೆನೋವು, ಸೋಮವಾರದ ಗೈರುಹಾಜರಿ, ಊಟದ ಬಿಡುವಿನಲ್ಲಿ ಒಂಟಿಯಾಗಿ ಕೂರುವುದು ಕಂಡರೆ ಗುಂಪು ಕಟ್ಟುವ ಹೊತ್ತು ಬಂತೆಂದೇ ಲೆಕ್ಕ.

ಅರ್ಧ ಕೆಲಸ ಆಯ್ಕೆಯಲ್ಲೇ ಇದೆ. ಆರರಿಂದ ಎಂಟು ಮಕ್ಕಳು ಸಾಕು. ಹತ್ತು ದಾಟಿದರೆ ಮೂವರು ಮಾತಾಡುತ್ತಾರೆ, ಉಳಿದವರು ಕೇಳುತ್ತಾರೆ. ಎಲ್ಲರೂ ಮೌನಿಗಳಾದರೆ ಗುಂಪು ಏಳುವುದೇ ಇಲ್ಲ. ಬರೀ ತಂಟೆಕೋರರನ್ನು ಸೇರಿಸಿದರೆ ಒಬ್ಬರ ತಂಟೆಗೆ ಇನ್ನೊಬ್ಬರ ನಗು ಸಿಕ್ಕಿ ಚಟ ಬಲಿಯುತ್ತದೆ. ಆದ್ದರಿಂದ ಹೊಂದಿಕೊಂಡಿರುವ ಇಬ್ಬರನ್ನಾದರೂ ಬೆರೆಸಿ. ಕಾಡಿಸುವವನನ್ನೂ ಅವನಿಂದ ನರಳುವವನನ್ನೂ ಒಟ್ಟಿಗೆ ಕೂರಿಸಲೇಬಾರದು. ಸಾಯುವ ಮಾತಾಡುವ ಮಗುವಿಗೆ ಗುಂಪಲ್ಲ, ಅಂದೇ ಅದರೊಬ್ಬರ ಜೊತೆಗೇ ಕೂತು ಮಾತಾಡುವವರು ಬೇಕು. ಪ್ರತಿಯೊಬ್ಬರನ್ನೂ ಮೊದಲು 15 ನಿಮಿಷ ಬೇರೆಯಾಗಿ ಭೇಟಿಯಾಗಿ ಇಷ್ಟವಿದೆಯೇ ಎಂದು ಕೇಳಿ; ಪೋಷಕರ ಒಪ್ಪಿಗೆ ಬರಹದಲ್ಲಿರಲಿ.

ವಾರಕ್ಕೊಂದು ಪಿರಿಯಡ್, ಎಂಟು ವಾರ. ಬಾಗಿಲು ಮುಚ್ಚುವ ಕೋಣೆ, ನಡುವೆ ಮೇಜಿಲ್ಲದೆ ವೃತ್ತದಲ್ಲಿ ಕುರ್ಚಿ ಅಥವಾ ಜಮಖಾನೆ. ಆಟದ ಪಿರಿಯಡ್ ಕಸಿಯಬೇಡಿ, ಮಕ್ಕಳು ಮುನಿಸಿಕೊಂಡೇ ಬರುತ್ತಾರೆ. ತರಗತಿಯ ಬಾಗಿಲಲ್ಲಿ ನಿಂತು ‘ಕೌನ್ಸೆಲಿಂಗ್‌ನವರು ಬನ್ನಿ’ ಎಂದು ಕೂಗಿದರಂತೂ ಮುಂದಿನ ವಾರ ಅರ್ಧ ಗುಂಪು ಮಾಯ. ‘ಗುರುವಾರದ ಗುಂಪು’ ಎಂಬಂಥ ಸಾದಾ ಹೆಸರು ಸಾಕು.

ಮೊದಲ ದಿನ ನಿಯಮಗಳನ್ನು ಮಕ್ಕಳಿಂದಲೇ ಹೇಳಿಸಿ ಚಾರ್ಟಿನಲ್ಲಿ ಬರೆಯಿರಿ. ಐದಕ್ಕಿಂತ ಹೆಚ್ಚು ಬೇಡ. ಇಷ್ಟವಿಲ್ಲದಿದ್ದರೆ ‘ಪಾಸ್’ ಎನ್ನಬಹುದು, ಇಲ್ಲಿ ಕೇಳಿದ್ದನ್ನು ಹೊರಗೆ ಆಡಬಾರದು, ಇವೆರಡು ಇರಲೇಬೇಕು. ಗುಟ್ಟಿಗೂ ಮಿತಿಯಿದೆ ಎಂಬುದನ್ನು ಆಗಲೇ ಹೇಳಿಬಿಡಿ: ಜೀವಕ್ಕೆ ಅಪಾಯವಿದ್ದರೆ, ಯಾರಾದರೂ ದೌರ್ಜನ್ಯ ಎಸಗುತ್ತಿದ್ದರೆ ಮುಚ್ಚಿಡಲಾಗದು. ಲೈಂಗಿಕ ದೌರ್ಜನ್ಯವಾದರೆ 2012ರ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಕೊನೆಗೆ ‘ಶಾಲೆ ಹೇಗನಿಸುತ್ತಿದೆ’ ಎಂಬುದಕ್ಕೆ 0ಯಿಂದ 10ರೊಳಗೆ ಅಂಕ ಬರೆಸಿ ಚೀಟಿ ಎತ್ತಿಡಿ.

ಅಂದೇ ಯಾರಾದರೂ ಮನೆಯ ಜಗಳವನ್ನೆಲ್ಲ ತೋಡಿಕೊಳ್ಳಲು ಹೊರಟರೆ ಹುರುಪಾಗಬೇಡಿ. ಇನ್ನೂ ಪರಿಚಯವಿಲ್ಲದವರೆದುರು ಹೆಚ್ಚು ಹೇಳಿಕೊಂಡ ಮಗು ನಾಚಿಕೆಯಿಂದ ಮತ್ತೆ ಬರುವುದಿಲ್ಲ. ‘ಇದು ಮುಖ್ಯವಾದ ಮಾತು, ಆಮೇಲೆ ನಾವಿಬ್ಬರೇ ಕೂತು ಮಾತಾಡೋಣ’ ಎಂದು ಮೆಲ್ಲಗೆ ತಡೆದು, ಆ ಮಾತು ಉಳಿಸಿಕೊಳ್ಳಿ.

ಎರಡು, ಮೂರನೇ ವಾರ ಹೆಸರಿಲ್ಲದ ಚೀಟಿಗಳಲ್ಲಿ ತೊಂದರೆ ಬರೆಸಿ ಡಬ್ಬಿಗೆ ಹಾಕಿಸಿ, ನೀವೇ ಓದಿ. ನಾಲ್ಕರಿಂದ ಆರನೇ ವಾರ ಅಭಿನಯಕ್ಕೆ. ಸನ್ನಿವೇಶ ಚಿಕ್ಕದಿರಲಿ: ಅರ್ಥವಾಗದ ಲೆಕ್ಕವನ್ನು ಮೇಷ್ಟ್ರಲ್ಲಿ ಕೇಳುವುದು, ಬಸ್ಸಿನಲ್ಲಿ ಅಡ್ಡಹೆಸರು ಕೂಗಿದರೆ ಏನನ್ನುವುದು. ಮೂರು ನಿಮಿಷ ಆಡಿಸಿ, ‘ನೀನಾಗಿದ್ದರೆ?’ ಎಂದು ಉಳಿದವರನ್ನು ಕೇಳಿ, ಅದೇ ಮಗುವಿನಿಂದ ಇನ್ನೊಮ್ಮೆ ಆಡಿಸಿ. ಎರಡನೇ ಸಲದ್ದೇ ನಿಜವಾದ ಕಲಿಕೆ. ಹೊತ್ತಾಯಿತೆಂದು ಅದನ್ನೇ ಬಿಡುವವರು ಹೆಚ್ಚು. ಏಳನೇ ವಾರ, ತಾನು ಮಾಡಿನೋಡುವ ಒಂದೇ ಒಂದು ಕೆಲಸವನ್ನು ಪ್ರತಿಯೊಬ್ಬರೂ ಆರಿಸಿಕೊಳ್ಳಲಿ.

ಶಿಕ್ಷಕರೇ ಗುಂಪು ನಡೆಸಿದಾಗ ಕೆಡುವುದು ಉಪದೇಶದಿಂದ. ಮೌನ ಬಿದ್ದರೆ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ, ಯಾರೋ ಬಾಯಿ ಬಿಡುತ್ತಾರೆ. ಮುಖ್ಯಶಿಕ್ಷಕರು ಯಾರು ಏನೆಂದರು ಎಂದು ಕೇಳಿದರೆ ಹಾಜರಿ ಮತ್ತು ಚರ್ಚೆಯ ವಿಷಯ ಮಾತ್ರ ಕೊಡಿ.

ಗುಂಪು ಮುಗಿಯಲಿದೆ ಎಂದು ಆರನೇ ವಾರದಿಂದಲೇ ನೆನಪಿಸಿ. ಎಂಟನೇ ವಾರ ಮತ್ತೆ ಅಂಕ ಬರೆಸಿ, ಮೊದಲ ದಿನದ ಚೀಟಿ ಮತ್ತು ಹಾಜರಿ ಪುಸ್ತಕದೊಂದಿಗೆ ಹೋಲಿಸಿ. ತಿಂಗಳ ನಂತರ ಇನ್ನೊಮ್ಮೆ ಕೂಡಿಸಿ. ಅಂಕ ಏರದವರನ್ನು ಪೋಷಕರೊಡನೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಬಳಿ ಕಳಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಮಕ್ಕಳ ಸಹಾಯವಾಣಿ 1098, ಈ ಎರಡೂ ಸಂಖ್ಯೆ ನಿಯಮಗಳ ಚಾರ್ಟಿನ ಕೆಳಗೆ ಮೊದಲ ದಿನದಿಂದಲೇ ಇರಲಿ.