ಮೊದಲು ಫೋನ್, ಆಮೇಲೆ ದುಡ್ಡು: ನನ್ನ ಅನುಭವ

ಗಂಡನ ಜೊತೆ ಒಂದೇ ಮನೆಯಲ್ಲಿ ಇದ್ದುಕೊಂಡು, ಅವರಿಗೆ ಗೊತ್ತಾಗದ ಹಾಗೆ ನನ್ನದೇ ದುಡ್ಡು ಕೂಡಿಟ್ಟು ಹೊರಗೆ ಬರೋದು ಆಗೋ ಕೆಲಸ ಅಲ್ಲ ಅಂತ ಅಕ್ಕ ಹೇಳಿದ್ದಳು. ಆಫೀಸಿನ ಗೆಳತಿಯೂ ಅದನ್ನೇ ಹೇಳಿದಳು. ಆದರೆ ಆಯಿತು. ಸುಮಾರು 19 ತಿಂಗಳು ಹಿಡಿಯಿತು. ಹೊರಗೆ ಬರುವ ಹೊತ್ತಿಗೆ 5 ತಿಂಗಳ ಖರ್ಚಿಗೆ ಸಾಕಾಗುವಷ್ಟು ದುಡ್ಡು ನನ್ನೊಬ್ಬಳ ಹೆಸರಲ್ಲಿತ್ತು. ದುಡಿದ ಸಂಬಳ ಗಂಡನ ಕೈಗೆ ಹೋಗಿ, ಬಸ್ ಚಾರ್ಜಿಗೂ ಲೆಕ್ಕ ಒಪ್ಪಿಸುವ ಪಾಡು ಏನು ಅಂತ ಅನುಭವಿಸಿದವರಿಗೆ ಹೇಳಬೇಕಿಲ್ಲ.

ಮೊದಲು ನೋಟು ಬಚ್ಚಿಟ್ಟೆ. ಹಳೆ ಹ್ಯಾಂಡ್‌ಬ್ಯಾಗಿನ ಒಳಗಿನ ಬಟ್ಟೆ ಬಿಚ್ಚಿ, ಒಳಗಿಟ್ಟು, ಮತ್ತೆ ಹೊಲಿದೆ. ನಾಲ್ಕು ತಿಂಗಳಲ್ಲಿ ಅರ್ಧ ಸಂಬಳದಷ್ಟು ಸೇರಿತ್ತು. ಹೊಲಿದ ದಾರದ ಬಣ್ಣ ಒಂಚೂರು ಬೇರೆ ಇತ್ತು. ಅವರ ಕಣ್ಣಿಗೆ ಅಷ್ಟು ಸಾಕಾಯಿತು. ದುಡ್ಡು ಹೋಯಿತು, ಬ್ಯಾಗೂ ಹೋಯಿತು.

ಎರಡನೇ ಸಲ ಬೇರೆ ಬ್ಯಾಂಕಿನಲ್ಲಿ ಖಾತೆ ತೆರೆದೆ. ನನ್ನ ಇಮೇಲ್ ಅವರ ಲ್ಯಾಪ್‌ಟಾಪಿನಲ್ಲೂ ತೆರೆದೇ ಇರುತ್ತಿತ್ತು, ಅದು ನೆನಪಿಗೇ ಬರಲಿಲ್ಲ. ಬ್ಯಾಂಕಿನ ಮೊದಲ ಮೇಲ್ ನನಗಿಂತ ಮುಂಚೆ ಅವರೇ ಓದಿದರು. ಆಮೇಲೆ ನಡೆದದ್ದು ಬೇಡ ಬಿಡಿ.

ಆಗ ಗೊತ್ತಾಯಿತು. ದುಡ್ಡು ಎಲ್ಲಿಟ್ಟರೂ ಸುದ್ದಿ ಕೊಡೋದು ಮೆಸೇಜು. ನನ್ನ ಸಿಮ್ ಕೂಡ ಅವರ ಹೆಸರಲ್ಲಿತ್ತು. ಸಿಮ್ ಯಾರ ಹೆಸರಲ್ಲಿದೆಯೋ ಅವರು ಅದೇ ನಂಬರಿಗೆ ಇನ್ನೊಂದು ಸಿಮ್ ತೆಗೆಸಿದರೆ ಓಟಿಪಿ ಅವರಿಗೇ ಬರುತ್ತದೆ. ಅದಕ್ಕೆ ನನ್ನ ಹೆಸರಲ್ಲಿ ಹೊಸ ಸಿಮ್ ತಗೊಂಡೆ. ಗೆಳತಿಯ ಕಂಪ್ಯೂಟರಿನಲ್ಲಿ ಹೊಸ ಇಮೇಲ್ ಮಾಡಿ, ಪಾಸ್‌ವರ್ಡ್ ಮರೆತರೆ ಬೇಕಾಗುವ ರಿಕವರಿ ನಂಬರಿಗೆ ಅಕ್ಕನದು ಕೊಟ್ಟೆ. ಹಳೆ ಇಮೇಲಿನ ಪಾಸ್‌ವರ್ಡ್ ಮುಟ್ಟಲಿಲ್ಲ. ಇದನ್ನು ಒತ್ತಿ ಹೇಳ್ತೀನಿ. ಇಷ್ಟು ದಿನ ತೆರೆದಿದ್ದ ಬಾಗಿಲಿಗೆ ಒಂದೇ ದಿನ ಬೀಗ ಬಿದ್ದರೆ ಯಾರಿಗಾದರೂ ಅನುಮಾನ ಬರುತ್ತೆ ಅಲ್ವಾ? ಹಳೆಯದು ಹಾಗೇ ಇರಲಿ, ಜಾಹೀರಾತು ಮೇಲ್ ಬರುತ್ತಿರಲಿ. ಎರಡನೇ ಸಿಮ್ ಎಲ್ಲಿಡುತ್ತಿದ್ದೆ ಅಂತ ಮಾತ್ರ ಬರೆಯಲ್ಲ. ಆ ಜಾಗ ನಾಳೆ ಇನ್ನೊಬ್ಬಳಿಗೆ ಬೇಕಾಗಬಹುದು.

ನಡುವೆ ಇನ್ನೊಂದು ದಾರಿ ನೋಡಿದೆ. ಕಾರ್ಡಿನಲ್ಲಿ ಸಾಮಾನು ಕೊಂಡು, ವಾಪಸ್ ಕೊಟ್ಟು ನಗದು ಮಾಡಿಕೊಳ್ಳೋಣ ಅಂತ. ಅಂಗಡಿಯವರು ದುಡ್ಡನ್ನು ಅದೇ ಕಾರ್ಡಿಗೆ ಹಾಕಿದರು. ಮೆಸೇಜು ನೇರ ಅವರ ಫೋನಿಗೆ. ಸೈಜ್ ಸರಿ ಇರಲಿಲ್ಲ ಅಂತ ಹೇಳಿ ಪಾರಾದೆ. ಗಿಫ್ಟ್ ಕಾರ್ಡೂ ಕೊಂಡಿಟ್ಟಿದ್ದೆ, ಒಂದೆರಡು ಅವಧಿ ಮುಗಿದು ಸುಮ್ನೆ ಹಾಳಾದವು.

ಹೊಸ ಸಿಮ್, ಹೊಸ ಇಮೇಲ್ ಕೊಟ್ಟು ಮತ್ತೊಂದು ಖಾತೆ ತೆರೆದಿದ್ದೆ. ಆ ಹೊಸ ಖಾತೆಗೆ ದುಡ್ಡು ಬಂದದ್ದು ಸಂಬಳ ಏರಿದಾಗ. ಹಳೆ ಖಾತೆಗೆ ಹಳೆ ಮೊತ್ತವೇ ಹೋಗಲಿ, ಏರಿದ್ದಷ್ಟೂ ಹೊಸ ಖಾತೆಗೆ ಬರಲಿ ಅಂತ ಆಫೀಸಿನಲ್ಲಿ ಬರೆದುಕೊಟ್ಟೆ. ಸಂಬಳದಲ್ಲಿ ಒಂದು ಪಾಲು ಅಷ್ಟೇ. ಆದರೆ ತಿಂಗಳು ತಪ್ಪದೆ ಬಂತು. ಸಂಬಳದ ಚೀಟಿಯೂ ಹೊಸ ಇಮೇಲಿಗೇ. ಮನೆಯಲ್ಲಿ ಚೀಟಿ ಕೇಳಿದಾಗ ಏನು ಹೇಳಿದೆ ಅನ್ನೋದೂ ನನ್ನಲ್ಲೇ ಇರಲಿ.

ಎಲ್ಲಕ್ಕಿಂತ ದೊಡ್ಡ ಪೆಟ್ಟು ಕ್ರೆಡಿಟ್ ರಿಪೋರ್ಟ್, ಅಂದರೆ ನನ್ನ ಹೆಸರಲ್ಲಿರುವ ಸಾಲಗಳ ವಿವರ, ತೆಗೆಸಿದ ದಿನ ಬಿತ್ತು. ನನ್ನ ಹೆಸರಲ್ಲಿ ಸುಮಾರು 3 ತಿಂಗಳ ಸಂಬಳದಷ್ಟು ಸಾಲ! ಯಾವತ್ತೋ "ಇಲ್ಲೊಂದು ಸೈನ್ ಹಾಕು" ಅಂದದ್ದಕ್ಕೆ ಹಾಕಿದ್ದೆ. ಜಂಟಿ ಸಾಲದಲ್ಲಿ ಅರ್ಧ ನನ್ನದು, ಅರ್ಧ ಅವರದು ಅಂತ ಇರಲ್ಲ. ಪೂರ್ತಿ ಸಾಲವನ್ನು ಬ್ಯಾಂಕಿನವರು ಯಾರನ್ನು ಬೇಕಾದರೂ ಕೇಳಬಹುದು. ಆ ದಿನದಿಂದ ಯಾವ ಕಾಗದ ಬಂದರೂ "ಕೈಯಲ್ಲಿ ಕೆಲಸ ಇದೆ, ನಾಳೆ ಓದಿ ಹಾಕ್ತೀನಿ" ಅನ್ನುತ್ತಿದ್ದೆ. ಜಗಳವಿಲ್ಲ, ಇಲ್ಲ ಅಂದದ್ದೂ ಇಲ್ಲ. ಹೀಗೆ ಎರಡು ಸಾಲ ತಪ್ಪಿಸಿದ್ದೇನೆ.

ಹೊರಟ ದಿನ ಬೆಳಿಗ್ಗೆ ಎರಡು ತಾಸಿನಲ್ಲಿ ಉಳಿದದ್ದೆಲ್ಲ ಮುಗಿಸಿದೆ. ಎಲ್ಲ ಪಾಸ್‌ವರ್ಡ್ ಬದಲಾಯಿಸಿದೆ. ನನ್ನ ಕ್ರೆಡಿಟ್ ಕಾರ್ಡಿನ ಮೇಲೆ ಅವರಿಗೆ ಕೊಟ್ಟಿದ್ದ ಹೆಚ್ಚುವರಿ ಕಾರ್ಡು ನಿಲ್ಲಿಸಿದೆ. ಅದರ ಬಿಲ್ ನನ್ನ ತಲೆಗೇ ಬರುತ್ತಿತ್ತು. ಜಂಟಿ ಖಾತೆಯಿಂದ ಒಬ್ಬರೇ ದುಡ್ಡು ತೆಗೆಯದ ಹಾಗೆ ಮಾಡಿ ಅಂತ ಬ್ಯಾಂಕಿಗೆ ಬರೆದುಕೊಟ್ಟು, ಪ್ರತಿಗೆ ಸೀಲು ಹಾಕಿಸಿಕೊಂಡೆ. ಸರ್ಟಿಫಿಕೇಟುಗಳು ಒಂದೊಂದಾಗಿ ಮೊದಲೇ ಅಕ್ಕನ ಮನೆ ಸೇರಿದ್ದವು.

ಸಂಜೆ ಬಾಡಿಗೆ ಮನೆಗೆ ಮುಂಗಡ ಕಟ್ಟಿದೆ. ಅಕ್ಕ ಪಕ್ಕದಲ್ಲೇ ನಿಂತಿದ್ದಳು. ರಸೀದಿಯಲ್ಲಿ ನನ್ನ ಹೆಸರೊಂದೇ ಇದೆ ಅಂತ ಎರಡು ಸಲ ಓದಿ ನೋಡಿದಳು.