ಮನೆ ಮುಂದಿನ ಮರದ ಬುಡ, ಮನೆ ಹಿಂದಿನ ಸಂದಿ: ನೋಡಿಕೊಳ್ಳುವುದು ಹೇಗೆ?

ನಮ್ಮ ಬೀದಿಯಲ್ಲಿ ಒಂದು ಹೊಂಗೆ ಮರ ಇತ್ತು. ಗೇಟಿನ ಮುಂದೆ ರ‍್ಯಾಂಪ್ ಹಾಕಿಸುವಾಗ ಬೇರು ಅಡ್ಡ ಬಂತು ಅಂತ ಮನೆಯವರು ಒಂದು ಕಡೆಯ ಬೇರನ್ನೆಲ್ಲ ಕಡಿಸಿದರು, ಉಳಿದ ಕಡೆ ಕಾಂಡಕ್ಕೆ ಅಂಟಿಕೊಂಡಂತೆ ಟೈಲ್ಸ್ ಹಾಕಿಸಿದರು. ಎರಡು ವರ್ಷ ಮರ ಹಸಿರಾಗೇ ಇತ್ತು. ಆಮೇಲೆ ಮೇ ತಿಂಗಳ ಒಂದು ಸಂಜೆ ಗಾಳಿಮಳೆ ಬಂತು. ಬೇರು ಕಡಿದ ಕಡೆ ಹಿಡಿತವೇ ಇರಲಿಲ್ಲ, ಮರ ಆಚೆ ಕಡೆಗೆ ವಾಲಿ ರಸ್ತೆಗೆ ಅಡ್ಡ ಬಿತ್ತು. ಆ ಹೊತ್ತಿಗೆ ಅಲ್ಲಿ ಯಾರೂ ಇರಲಿಲ್ಲ, ಅಷ್ಟೇ ಸಮಾಧಾನ.

ಬೆಂಗಳೂರಿನಲ್ಲಿ ಇಂಥ ಮರಗಳು ಬೀದಿಗೊಂದು ಸಿಗುತ್ತವೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಯಾವುದು ಯಾರದ್ದು ಅಂತ ತಿಳಿದುಕೊಳ್ಳಿ. ಕಾಂಪೌಂಡ್ ಆಚೆಯ ಫುಟ್‌ಪಾತ್, ಅಲ್ಲಿರುವ ಮರ, ಹಿಂದಿನ ಸಂದಿ, ಇವೆಲ್ಲ ಪಾಲಿಕೆಯವು. ಗಿಡ ನೆಟ್ಟು ನೀರು ಹಾಕಿದವರು ನೀವೇ ಆದರೂ ಅಷ್ಟೇ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು. ಕೊಂಬೆ ತಂತಿಗೆ ತಾಗುತ್ತಿದ್ದರೆ ದೂರು ಕೊಡಿ, ಮಚ್ಚು ಹಿಡಿದು ನೀವೇ ಹತ್ತಬೇಡಿ. ಬುಡ ಬಿಡಿಸುವುದಕ್ಕೂ, ಅಂದರೆ ಬುಡದ ಸುತ್ತ ಹಾಕಿದ ಸಿಮೆಂಟು, ಟೈಲ್ಸ್ ಒಡೆದು ತೆಗೆಯುವುದಕ್ಕೂ ಮುಂಚೆ ಪಾಲಿಕೆಯ ಅರಣ್ಯ ವಿಭಾಗಕ್ಕೆ ಒಂದು ಪತ್ರ ಬರೆದು ಒಪ್ಪಿಗೆ ತಗೊಳ್ಳಿ, ಕೆಳಗೆ ಕರೆಂಟಿನ ಕೇಬಲ್ಲೋ ನೀರಿನ ಪೈಪೋ ಇದೆಯಾ ಅಂತಲೂ ವಿಚಾರಿಸಿ.

ಇನ್ನು ಬುಡ ಬಿಡಿಸುವ ಕೆಲಸ. ಎಲ್ಲರೂ ಎಡವುವುದು ಇಲ್ಲೇ.

ಎಷ್ಟು ಜಾಗ ಬಿಡಬೇಕು? ಕಾಂಡದಿಂದ ಸುತ್ತಲೂ ಒಂದು ಮೀಟರ್, ಅಂದರೆ ಮೂರು ಅಡಿಗಿಂತ ಸ್ವಲ್ಪ ಜಾಸ್ತಿ. ದೆಹಲಿಯ ಮರಗಳ ವಿಷಯದಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲಿ ಹೇಳಿದ್ದೂ ಇದೇ ಅಳತೆ. ನಮ್ಮ ಫುಟ್‌ಪಾತಿನಲ್ಲಿ ಅಷ್ಟು ಜಾಗ ಎಲ್ಲಿದೆ ಅಂತ ಕೇಳುತ್ತೀರಿ, ಸರಿ. ಸಿಕ್ಕಷ್ಟು ಬಿಡಿಸಿ. ಜನ ನಡೆಯುವ ಕಡೆ ಮಾತ್ರ ಸಿಮೆಂಟ್ ಇಲ್ಲದೆ ಕಲ್ಲು ಹಾಸಿ, ನಡುವೆ ಬೆರಳು ಹೋಗುವಷ್ಟು ಸಂದು ಇರಲಿ.

ಮೇಸ್ತ್ರಿ ಬ್ರೇಕರ್ ಮಷೀನ್ ತರುತ್ತೇನೆ ಅಂದರೆ ಬೇಡ ಅನ್ನಿ. ಅರ್ಧ ಗಂಟೆಯಲ್ಲಿ ಕೆಲಸ ಮುಗಿಯುತ್ತದೆ ನಿಜ, ಆದರೆ ಕಾಂಕ್ರೀಟಿನ ಕೆಳಗೇ ಅಂಟಿಕೊಂಡಿರುವ ಬೇರಿನ ತೊಗಟೆಯೂ ಕಿತ್ತುಬರುತ್ತದೆ. ಉಳಿ, ಸುತ್ತಿಗೆ ಸಾಕು. ಹೊರಗಿನ ಅಂಚಿನಿಂದ ಶುರು ಮಾಡಿ ಒಳಗೆ ಬನ್ನಿ. ಕಾಂಡದ ಹತ್ತಿರ ಬಂದಾಗ ಅಂಗೈ ಅಗಲದ ಚೂರುಗಳಾಗಿ ಒಡೆದು ಒಂದೊಂದೇ ಎತ್ತಿ. ಹಾರೆಯನ್ನು ಬೇರಿನ ಮೇಲೆ ಊರಿ ಮೀಟಬಾರದು. ಒಂದು ಚೂರು ಬೇರಿಗೆ ಕಚ್ಚಿಕೊಂಡು ಬರುತ್ತಿಲ್ಲವಾ, ಅಲ್ಲೇ ಬಿಡಿ, ಸುಮ್ನೆ ಜಗ್ಗಬೇಡಿ. ಸಿಮೆಂಟಿನ ಪುಡಿ, ಜಲ್ಲಿ ಎಲ್ಲ ಗುಡಿಸಿ ತೆಗೆಯಿರಿ.

ಆಮೇಲೆ ಕೆಳಗಿನ ಮಣ್ಣು ಕಲ್ಲಿನ ಹಾಗೆ ಗಟ್ಟಿಯಾಗಿರುತ್ತದೆ. ನೋಡಿದ ತಕ್ಷಣ ಗುದ್ದಲಿಯಿಂದ ಅಗೆಯಬೇಕು ಅನಿಸುತ್ತದೆ, ಅಗೆಯಬೇಡಿ! ನೀರು ಕುಡಿಯುವ ಸಣ್ಣ ಬೇರುಗಳು ಮೇಲ್ಪದರದಲ್ಲೇ ಇರುತ್ತವೆ. ಹಿಂದಿನ ದಿನ ನಿಧಾನವಾಗಿ ನೀರು ಬಿಟ್ಟು ನೆನೆಸಿ, ಮರುದಿನ ಸಣ್ಣ ಕುರ್ಪಿಯಲ್ಲಿ ಒಂದೆರಡು ಇಂಚು ಸಡಿಲ ಮಾಡಿದರೆ ಸಾಕು. ಹೆಬ್ಬೆರಳಿಗಿಂತ ದಪ್ಪದ ಬೇರು ಏನೇ ಆದರೂ ಮುಟ್ಟಬೇಡಿ.

ಬಿಡಿಸಿದ ಜಾಗಕ್ಕೆ ಕೆಂಪು ಮಣ್ಣು ತಂದು ಗುಡ್ಡೆ ಹಾಕುವವರೂ ಇದ್ದಾರೆ. ಕಾಂಡ ಅಗಲವಾಗಿ ಬೇರಾಗಿ ಹರಡುತ್ತದಲ್ಲ, ಆ ಜಾಗ ಕಣ್ಣಿಗೆ ಕಾಣಬೇಕು. ಅದನ್ನು ಮುಚ್ಚಿದರೆ ತೊಗಟೆ ಕೊಳೆಯುತ್ತದೆ. ಮಣ್ಣಿನ ಬದಲು ಅದೇ ಮರದ ತರಗೆಲೆಯನ್ನು ಎರಡು ಮೂರು ಇಂಚು ಹರಡಿ, ಕಾಂಡದಿಂದ ನಾಲ್ಕು ಬೆರಳು ದೂರ. ಸುತ್ತ ಕಟ್ಟೆ ಕಟ್ಟಿಸಬೇಡಿ, ಮಳೆ ನೀರು ಒಳಗೆ ಹೋಗುವುದಿಲ್ಲ. ಮಾರ್ಕೆಟ್ಟಿನಲ್ಲಿ ಸಿಗುವ ಪ್ಲಾಸ್ಟಿಕ್ ಹುಲ್ಲಿನ ಹಾಸನ್ನಂತೂ ತರಲೇಬೇಡಿ. ಬಿಸಿಲಿಗೆ ಕಾದು ಕೆಳಗಿನ ಮಣ್ಣನ್ನೂ ಸುಡುತ್ತದೆ, ಬರಬರುತ್ತಾ ಪುಡಿಯಾಗಿ ಚರಂಡಿ ಸೇರುತ್ತದೆ.

ಇದನ್ನೆಲ್ಲ ಮಾಡಲು ಜೂನ್ ಒಳ್ಳೆಯ ಕಾಲ. ಮಾರ್ಚ್, ಏಪ್ರಿಲ್ ಬಿಸಿಲಿನಲ್ಲಿ ಬಿಡಿಸಿದರೆ ಎಳೆ ಬೇರು ಒಣಗುತ್ತದೆ.

ಮರ ಈಗಾಗಲೇ ವಾಲಿದ್ದು, ವಾಲಿದ್ದರ ಎದುರು ಬದಿಯಲ್ಲಿ ಮಣ್ಣು ಬಿರುಕು ಬಿಟ್ಟಿದ್ದರೆ, ಅಥವಾ ಬುಡದಲ್ಲಿ ಅಣಬೆ ಎದ್ದಿದ್ದರೆ ಬುಡಕ್ಕೆ ಕೈ ಹಾಕಬೇಡಿ. ಅವತ್ತೇ ಅರಣ್ಯ ವಿಭಾಗಕ್ಕೆ ಫೋನ್ ಮಾಡಿ.

ಹೊಸ ಗಿಡ ಬೇಕಾ? ಮೇಲೆ ತಂತಿ ಇದ್ದರೆ ಪಾರಿಜಾತ ಅಥವಾ ದಾಸವಾಳ, ಇಲ್ಲದಿದ್ದರೆ ಹೊಂಗೆ. ನನ್ನ ಆಯ್ಕೆ ಯಾವತ್ತೂ ಹೊಂಗೆಯೇ.

ಈಗ ಹಿಂದಿನ ಸಂದಿ. 1898ರ ಪ್ಲೇಗಿನ ಆಸುಪಾಸಿನ ವರ್ಷಗಳಲ್ಲಿ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಎದ್ದಾಗ ಮನೆಗಳ ಹಿಂದೆ ಕನ್ಸರ್ವೆನ್ಸಿ ಅಂತ ಓಣಿ ಬಿಟ್ಟರು. ಪಾಯಿಖಾನೆಯ ಮಲ ಸಾಗಿಸಲು ಇದ್ದ ದಾರಿ ಅದು. ಈಗ ಒಡೆದ ಕಮೋಡು, ಹಳೆ ಹಾಸಿಗೆ, ತೆಂಗಿನ ಗರಿ ಎಲ್ಲ ಅಲ್ಲಿಗೇ ಹೋಗುತ್ತವೆ, ಯಾರೂ ನೋಡಲ್ಲ ಅಲ್ವಾ ಅಂತ. ಘನತ್ಯಾಜ್ಯ ನಿಯಮದಲ್ಲೇ ಕಸವನ್ನು ಬೀದಿಗೆ, ಚರಂಡಿಗೆ ಎಸೆಯಬಾರದು, ಸುಡಬಾರದು, ತೋಟದ ಕಸವನ್ನು ನಮ್ಮ ಆವರಣದಲ್ಲೇ ಬೇರೆ ಇಟ್ಟುಕೊಳ್ಳಬೇಕು ಅಂತ ಇದೆ.

ಕ್ರಮ ಸುಲಭ. ಅಕ್ಕಪಕ್ಕದ ನಾಲ್ಕು ಮನೆಯವರು ಸೇರಿ ತಿಂಗಳಿಗೊಂದು ಭಾನುವಾರ ಗುಡಿಸಿ. ಕಾಂಗ್ರೆಸ್ ಗಿಡವನ್ನು ಮಳೆ ಬಂದ ಮರುದಿನ, ಹೂ ಬಿಡುವ ಮುಂಚೆ, ಬೇರು ಸಮೇತ ಕೀಳಿ. ಕೈಗೆ ಗ್ಲೌಸ್ ಇರಲೇಬೇಕು, ಮೈ ಕಡಿತ ಬರುತ್ತದೆ. ಕಳೆನಾಶಕ ಹೊಡೆದರೆ ಬೇಗ ಆಗುತ್ತದೆ ಅನ್ನುತ್ತಾರೆ, ಆದರೆ ಅದು ಗಾಳಿಗೆ ಹಾರಿ ಪಕ್ಕದ ಮನೆಯ ಕರಿಬೇವಿಗೂ ತಾಗುತ್ತದೆ.

ಮ್ಯಾನ್‌ಹೋಲ್ ಕಟ್ಟಿಕೊಂಡಿದ್ದರೆ ಜಲಮಂಡಳಿಯ 1916ಕ್ಕೆ ಫೋನ್ ಮಾಡಿ. ನೂರಿನ್ನೂರು ಕೊಟ್ಟು ಯಾರನ್ನೂ ಅದರೊಳಗೆ ಇಳಿಸಬೇಡಿ. ಮಲ ಹೊರುವ ಪದ್ಧತಿ ನಿಷೇಧಿಸಿದ 2013ರ ಕಾಯ್ದೆ ಪ್ರಕಾರ ಅದು ಅಪರಾಧ, ಒಳಗಿನ ಗ್ಯಾಸಿಗೆ ಮನುಷ್ಯ ಕೂಗುವಷ್ಟು ಸಮಯವೂ ಸಿಗುವುದಿಲ್ಲ.