ಅಡಿಕೆ ಸುಲಿಯೋ ರಾತ್ರಿ ಮಕ್ಕಳಿಗೆ ಫ್ರೆಡ್ರಿಕ್ ಡಗ್ಲಾಸ್ ಕಥೆ ಹೇಳೋದು ಹೇಗೆ

ಕೊಯ್ಲಿನ ಟೈಮಲ್ಲಿ ನಮ್ಮ ತೀರ್ಥಹಳ್ಳಿ ಕಡೆ ರಾತ್ರಿ ತುಂಬಾ ಹೊತ್ತು ಅಡಿಕೆ ಸುಲಿತಾ ಕೂತಿರ್ತಾರೆ, ಮಕ್ಕಳೂ ಅಲ್ಲೇ ಇರ್ತವೆ, ಕಥೆ ಹೇಳಕ್ಕೆ ಒಳ್ಳೆ ಹೊತ್ತು. ಹೋದ ವರ್ಷ ನಾನು ಗುಲಾಮಗಿರಿ ಹೋಗೋ ಕಾಲದ ಅಮೆರಿಕದ ಅಧ್ಯಕ್ಷ ಲಿಂಕನ್ನಿಂದ ಶುರು ಮಾಡಿ ತಪ್ಪು ಮಾಡಿದೆ. "ದೊಡ್ಡಪ್ಪ, ಗುಲಾಮರು ಅಲ್ಲಿವರೆಗೂ ಸುಮ್ನೆ ಕಾಯ್ತಾ ಕೂತಿದ್ರಾ?" ಅಂತ ಒಬ್ಳು ಕೇಳಿದ್ಲು, ಇವತ್ತಿಗೂ ಮನಸ್ಸಲ್ಲಿದೆ. ನೀವು, ಗುಲಾಮನಾಗಿ ಹುಟ್ಟಿ ತಪ್ಪಿಸ್ಕೊಂಡು ಗುಲಾಮಗಿರಿ ವಿರುದ್ಧವೇ ಹೋರಾಡಿದ ಡಗ್ಲಾಸ್ ಇಂದನೇ ಶುರು ಮಾಡಿ.

ಮೊದ್ಲು ಒಂದು ಸೀಮೆಸುಣ್ಣ ಇಟ್ಕೊಳ್ಳಿ. 1818ರಲ್ಲಿ ಅಮೆರಿಕದ ಮೇರಿಲ್ಯಾಂಡ್ ರಾಜ್ಯದಲ್ಲಿ ಹುಟ್ಟಿದ ಹುಡುಗ, ಹುಟ್ಟಿದ ದಿನ ಯಾವ್ದು ಅಂತ್ಲೇ ಗೊತ್ತಿಲ್ಲ. ಬಾಲ್ಟಿಮೋರಲ್ಲಿ ಯಜಮಾನಿ ಎಬಿಸಿಡಿ ಹೇಳ್ಕೊಡ್ತಿದ್ಲು, ಗಂಡ ಬಿಡಿಸ್ದ, ಓದು ಬಂದ್ರೆ ಇವ್ನು ಗುಲಾಮನಾಗಿ ಉಳಿಯಲ್ಲ ಅಂತ. ಹುಡುಗ ಅದನ್ನ ಕೇಳಿಸ್ಕೊಂಡ, ಹಂಗಾದ್ರೆ ಓದೋದೇ ದಾರಿ ಅಂತ ಹಿಡ್ಕೊಂಡ. ಮನೆಯಿಂದ ಬ್ರೆಡ್ ತಗೊಂಡ್ ಹೋಗಿ ಬೀದಿಲಿ ಹಸಿದ ಬಿಳಿ ಹುಡುಗರಿಗೆ ಕೊಟ್ಟು ಪಾಠ ಹೇಳಿಸ್ಕೊಳ್ತಿದ್ದ.

ಈಗ ಸೀಮೆಸುಣ್ಣ ತೆಗೀರಿ. ನಮ್ಮ ಡಿಪೋಲಿ ನಾಟಾ ಮೇಲೆ ನಂಬರ್ ಹೊಡೆದಿರ್ತಾರಲ್ಲ, ಹಂಗೇ ಅಲ್ಲಿ ಹಡಗು ಕಟ್ಟೋ ಬಡಗಿಗಳು ಮರದ ತುಂಡಿನ ಮೇಲೆ ಎಡಗಡೆದಕ್ಕೆ ಎಲ್, ಬಲಗಡೆದಕ್ಕೆ ಎಸ್, ಮುಂದಿನದಕ್ಕೆ ಎಫ್, ಹಿಂದಿನದಕ್ಕೆ ಎ ಅಂತ ಬರೀತಿದ್ರು, ಅವ್ನು ಬರೆಯಕ್ಕೆ ಕಲಿತಿದ್ದು ಈ ನಾಕು ಅಕ್ಷರದಿಂದ. ಆಮೇಲೆ ಬೀದಿ ಹುಡುಗರ ಹತ್ರ, ನಿನಗಿಂತ ಚೆನ್ನಾಗಿ ಬರೀತೀನಿ ನೋಡು ಅಂತ ಪಂಥ ಕಟ್ಟಿ ಉಳಿದ ಅಕ್ಷರ ಕಲಿತ. ಗೋಡೆನೇ ಪುಸ್ತಕ, ಸೀಮೆಸುಣ್ಣನೇ ಪೆನ್ನು. ಮಕ್ಕಳ ಕೈಲಿ ಆ ನಾಕು ಅಕ್ಷರ ಅಂಗಳದಲ್ಲಿ ಬರೆಸಿ, ಇಲ್ಲಿ ಅವಸರ ಬೇಡ.

ತಪ್ಪಿಸ್ಕೊಂಡಿದ್ದು 1838ರಲ್ಲಿ, ನಾವಿಕನ ಡ್ರೆಸ್ ಹಾಕಿ ಬೇರೊಬ್ಬ ನಾವಿಕನ ಗುರುತಿನ ಕಾಗದ ಹಿಡ್ಕೊಂಡು ರೈಲು ಹತ್ತಿದ್ರು. ಕಾಗದದಲ್ಲಿದ್ದ ಚಹರೆ ಇವ್ರಿಗೆ ಹೊಂದ್ತಾನೇ ಇರ್ಲಿಲ್ಲ, ಕಂಡಕ್ಟರ್ ಕಾಗದದ ಮೇಲಿದ್ದ ಅಮೆರಿಕದ ಹದ್ದಿನ ಚಿತ್ರ ನೋಡಿ ಮುಂದೆ ಹೋದ. ಈ ಗುಟ್ಟನ್ನ ಅವ್ರು ಪೂರ್ತಿ ಬಿಟ್ಟುಕೊಟ್ಟಿದ್ದು 1881ರಲ್ಲಿ. ಗುಲಾಮಗಿರಿ ಇರೋವರೆಗೂ ಬಾಯಿ ಬಿಟ್ಟಿದ್ರೆ ಸಹಾಯ ಮಾಡಿದವ್ರು ಸಿಕ್ಕಿಬೀಳ್ತಿದ್ರು, ಹಿಂದೆ ಬರೋರಿಗೆ ದಾರಿ ಮುಚ್ಚೋದು. ಇದನ್ನ ಬಿಡ್ದೆ ಹೇಳಿ.

ಮುಂದಿಂದು ಬೇಗ ಹೇಳಬಹುದು: ಭಾಷಣ, 1845ರಲ್ಲಿ ತಮ್ಮದೇ ಕಥೆಯ ಪುಸ್ತಕ, 1847ರಲ್ಲಿ ಸ್ವಂತ ಪತ್ರಿಕೆ. ಮಧ್ಯೆ ಇಂಗ್ಲೆಂಡಿನ ಸ್ನೇಹಿತರು ದುಡ್ಡು ಕೂಡಿಸಿ ಇವ್ರನ್ನ ಯಜಮಾನನಿಂದ ಕೊಂಡು ಬಿಡಿಸಿದ್ರು. ಆಗ ಮಕ್ಕಳು ನಮ್ಮ ಜೀತದ ಥರನಾ ಅಂತ ಕೇಳ್ತವೆ. ಜೀತದಲ್ಲಿ ಸಾಲ ಹೇಳಿ ದುಡಿಸ್ಕೊಳ್ತಿದ್ರು, ಅದನ್ನ ನಿಲ್ಲಿಸೋ ಕಾನೂನು ಬಂದಿದ್ದು 1976ರಲ್ಲಿ, ಅಲ್ಲಿ ಮನುಷ್ಯನೇ ಮಾರೋ ಸರಕು ಅಂತ ಬಿಡಿಸಿ ಹೇಳಿ. ಪಕ್ಕದಲ್ಲಿ ಕೂತ ಅಜ್ಜ ಜೀತ ಕಂಡವರಾದ್ರೆ ಅವರಾಗೇ ಮಾತಾಡೋವರೆಗೂ ಕೆದಕಬೇಡಿ.

ಲಿಂಕನ್ ಈಗ ಬರ್ಲಿ. 1863ರಲ್ಲಿ, ಗುಲಾಮಗಿರಿ ವಿಷಯಕ್ಕೆ ಅಮೆರಿಕದ ಉತ್ತರಕ್ಕೂ ದಕ್ಷಿಣಕ್ಕೂ ಯುದ್ಧ ನಡೀತಿದ್ದಾಗ, ಲಿಂಕನ್ ಸೈನ್ಯದಲ್ಲಿ ಕಪ್ಪು ಸೈನಿಕರ ಕೈಗೆ ತಿಂಗಳಿಗೆ 7 ಡಾಲರ್, ಬಿಳಿಯರಿಗೆ 13. ಡಗ್ಲಾಸ್ ತಮ್ಮ ಇಬ್ಬರು ಮಕ್ಕಳನ್ನ ಸೈನ್ಯಕ್ಕೆ ಕಳಿಸಿದ್ರು, ಲಿಂಕನ್ ಎದುರು ಹೋಗಿ ಇದ್ಯಾಕೆ ಹೀಗೆ ಅಂತ ಕೇಳಿದ್ರು. ಕೂಲಿ ಲೆಕ್ಕ ಸುಲಿಯೋರಿಗೂ ತಕ್ಷಣ ಹತ್ತುತ್ತೆ. 1865ರಲ್ಲಿ ಗುಲಾಮಗಿರಿ ಹೋಯ್ತು, ಅಲ್ಲಿಗೆ ಕಥೆ ಮುಗಿಸ್ಬೇಡಿ, 1895ರಲ್ಲಿ ತೀರಿಕೊಂಡ ದಿನ ಕೂಡ ಡಗ್ಲಾಸ್ ಹೆಂಗಸರ ಹಕ್ಕಿನ ಸಭೆಗೆ ಹೋಗಿ ಬಂದಿದ್ರು. ಇದನ್ನ ಮಾತ್ರ ಸುಲಿಯೋ ಹೆಂಗಸರಿಗೂ ಕೇಳೋ ಹಾಗೆ ಸ್ವಲ್ಪ ಗಟ್ಟಿಯಾಗಿ ಹೇಳಿ.